ನಾಯೀಲಿ ಕೆಲಸ ಮಾಡಿದ ಔಷಧಿ ಮಕ್ಕಳಲ್ಲಿ ಯಾಕೆ ಬೇರೆ ಥರ ವರ್ತಿಸ್ತು?

2025ರ ಜುಲೈನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸರೆಪ್ಟಾ ಅನ್ನೋ ಕಂಪನಿಗೆ, ಮಕ್ಕಳ ಸ್ನಾಯು ಕರಗೋ ಕಾಯಿಲೆಗೆ ಕೊಡೋ ನಿಮ್ಮ ಜೀನ್ ಥೆರಪಿ, ಎಲೆವಿಡಿಸ್ ಅನ್ನೋ ಔಷಧಿ ಕಳ್ಸೋದು ನಿಲ್ಸಿ ಅಂತ ಹೇಳ್ತು. ಕಂಪನಿ ಮೊದ್ಲು ಒಪ್ಪಲಿಲ್ಲ, ಮೂರ್ನಾಲ್ಕು ದಿನದಲ್ಲಿ ಒಪ್ಕೊಂಡ್ತು, ತಿಂಗಳ ಕೊನೇಲಿ ನಡೆಯೋ ಶಕ್ತಿ ಇರೋ ಮಕ್ಕಳಿಗೆ ಮಾತ್ರ ಮತ್ತೆ ಶುರುವಾಯ್ತು. ಕಾರಣ ಸಾವು. ಆ ವರ್ಷದ ಮೊದಲ ಆರು ತಿಂಗಳೊಳಗೆ, ವೀಲ್‌ಚೇರ್‌ನಲ್ಲಿದ್ದ ಇಬ್ಬರು ಹುಡುಗರು ಈ ಔಷಧಿ ತಗೊಂಡ್ಮೇಲೆ ಲಿವರ್ ಫೇಲ್ ಆಗಿ ತೀರ್ಕೊಂಡ್ರು ಅಂತ ಗೊತ್ತಾಯ್ತು, ಆಮೇಲೆ ಅದೇ ಕಂಪನಿಯ ಇನ್ನೊಂದು ಸ್ನಾಯು ಕಾಯಿಲೆಯ ಟ್ರಯಲ್‌ನಲ್ಲಿ, ಜೀನ್ ಹೊತ್ತೊಯ್ಯೋ ಅದೇ ಥರದ ವೈರಸ್ ತಗೊಂಡಿದ್ದ 51 ವರ್ಷದ ರೋಗಿ ಒಬ್ರು ಹೋದ್ರು. ನವೆಂಬರ್‌ನಲ್ಲಿ ಎಫ್‌ಡಿಎ ಲೇಬಲ್ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸ್ತು, ನಡೆಯೋಕಾಗದ ಮಕ್ಕಳನ್ನ ಪಟ್ಟಿಯಿಂದಲೇ ತೆಗೀತು.

ಸುದ್ದಿ ಬಂದಾಗ ಎರಡು ಥರದ ಮಾತು ಕೇಳಿಬಂತು. ಪ್ರಾಣಿಗಳ ಮೇಲೆ ಮೊದಲೇ ಟೆಸ್ಟ್ ಮಾಡ್ತಾರಲ್ಲ, ಆಗ ಗೊತ್ತಾಗ್ಲಿಲ್ವಾ ಅನ್ನೋದು ಒಂದು. ಪ್ರಾಣಿ ಟೆಸ್ಟ್‌ನಿಂದ ಏನೂ ಗೊತ್ತಾಗಲ್ಲ, ಸುಮ್ನೆ ಆ ಮೂಕ ಜೀವಗಳನ್ನ ಹಿಂಸೆ ಮಾಡ್ತಾರೆ ಅನ್ನೋದು ಇನ್ನೊಂದು. ಎರಡೂ ಅರ್ಧ ಸರಿ ಅಂತ ನನಗನ್ನಿಸತ್ತೆ, ಯಾಕಂದ್ರೆ ಸ್ನಾಯು ವಿಜ್ಞಾನದಲ್ಲಿ ಪ್ರಾಣಿಗಳು, ಅದರಲ್ಲೂ ನಾಯಿ ಹಂದಿ ಕುದುರೆಗಳು ಹೇಳಿಕೊಟ್ಟಿದ್ದು ತುಂಬಾ ಇದೆ, ಆದ್ರೆ ಅವು ಕಾಯಿಲೆ ಬಗ್ಗೆ ಹೇಳೋದನ್ನ ಎಷ್ಟು ನಂಬಬಹುದೋ ಔಷಧಿ ಬಗ್ಗೆ ಹೇಳೋದನ್ನ ಅಷ್ಟು ನಂಬೋಕಾಗಲ್ಲ. ಈ ವ್ಯತ್ಯಾಸವನ್ನ ಸ್ವಲ್ಪ ಬಿಡಿಸಿ ನೋಡೋಣ.

ಮೊದ್ಲು ಕಾಯಿಲೆ. ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಡಿಎಂಡಿ ಅಂತಾರೆ. ಹುಟ್ಟೋ ಗಂಡು ಮಕ್ಕಳಲ್ಲಿ ಸುಮಾರು 3500ರಿಂದ 5000ಕ್ಕೆ ಒಬ್ಬರಿಗೆ ಬರತ್ತೆ. ಎಕ್ಸ್ ಕ್ರೋಮೋಸೋಮ್ ಮೇಲಿರೋ ಡಿಸ್ಟ್ರೋಫಿನ್ ಅನ್ನೋ ಜೀನ್ ಕೆಟ್ಟಿರತ್ತೆ, ಅದಕ್ಕೇ ಹೆಚ್ಚಾಗಿ ಹುಡುಗರಿಗೆ. ಮೂರ್ನಾಲ್ಕು ವರ್ಷಕ್ಕೆ ಮಗು ಎದ್ದು ನಿಲ್ಲೋವಾಗ ತೊಡೆ ಮೇಲೆ ಕೈ ಊರಿಕೊಂಡು ಏಳೋದು ಕಾಣತ್ತೆ, ಹನ್ನೆರಡರ ಆಸುಪಾಸಿಗೆ ವೀಲ್‌ಚೇರ್, ಆಮೇಲೆ ಉಸಿರಾಟ, ಹೃದಯ. ಈ ಜೀನನ್ನ 1986-87ರಲ್ಲಿ ಬೋಸ್ಟನ್‌ನಲ್ಲಿ ಲೂಯಿ ಕುಂಕೆಲ್ ತಂಡ ಹುಡುಕ್ತು. ಮನುಷ್ಯರಲ್ಲಿರೋ ಅತಿ ಉದ್ದದ ಜೀನ್‌ಗಳಲ್ಲಿ ಇದೂ ಒಂದು, 20 ಲಕ್ಷಕ್ಕೂ ಹೆಚ್ಚು ಡಿಎನ್ಎ ಅಕ್ಷರ, 79 ಎಕ್ಸಾನ್ (ಅಂದ್ರೆ ಪ್ರೋಟೀನು ಮಾಡೋ ಸೂಚನೆ ಇರೋ ತುಂಡುಗಳು). ಇದರಿಂದ ಆಗೋ ಪ್ರೋಟೀನು ಸ್ನಾಯು ತಂತುವಿನ ಪೊರೆ ಒಳಗಡೆ ಕೂತು, ಒಳಗಿನ ಹಂದರವನ್ನ ಪೊರೆಗೆ ಕಟ್ಟಿ ಹಿಡಿದಿರತ್ತೆ. ಅದಿಲ್ಲದಿದ್ರೆ ಸ್ನಾಯು ಪ್ರತಿ ಸಲ ಎಳೆದುಕೊಂಡಾಗ ಪೊರೆ ಹರೀತಾ ಹೋಗತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ, ತಂತು ಸಾಯತ್ತೆ, ದೇಹ ರಿಪೇರಿ ಮಾಡತ್ತೆ, ಮತ್ತೆ ಹರಿಯತ್ತೆ, ಕೊನೆಗೆ ರಿಪೇರಿ ಮಾಡೋ ಶಕ್ತಿ ಮುಗಿದು ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ಮತ್ತೆ ನಾರು ತುಂಬ್ಕೊಳ್ಳತ್ತೆ.

ಇದನ್ನ ಅಭ್ಯಾಸ ಮಾಡೋಕೆ ಮೊದ್ಲು ಸಿಕ್ಕಿದ್ದು ಇಲಿ. 1984ರಲ್ಲಿ ಗುರುತಿಸಿದ ಎಂಡಿಎಕ್ಸ್ ಅನ್ನೋ ಇಲಿ ತಳಿಯಲ್ಲಿ ಡಿಸ್ಟ್ರೋಫಿನ್ ಇಲ್ಲ, ಜೀನ್ ಕೆಟ್ಟಿರೋದು ಪಕ್ಕಾ. ಆದ್ರೆ ಆ ಇಲಿ ಆರಾಮಾಗಿ ಓಡಾಡ್ಕೊಂಡಿರತ್ತೆ! ಅದರ ಸ್ನಾಯು ಬೇಗ ಬೇಗ ರಿಪೇರಿ ಆಗತ್ತೆ, ಡಿಸ್ಟ್ರೋಫಿನ್‌ನ ಅಣ್ಣತಮ್ಮ ಅನ್ನಬಹುದಾದ ಯುಟ್ರೋಫಿನ್ ಅನ್ನೋ ಪ್ರೋಟೀನು ಆ ಜಾಗ ತುಂಬತ್ತೆ, ಜೊತೆಗೆ ಇಲಿ ತೂಕ ಸುಮಾರು ಮೂವತ್ತು ಗ್ರಾಂ ಅಷ್ಟೆ. ಹಾಗಾಗಿ ಎಂಡಿಎಕ್ಸ್ ಇಲಿಯಲ್ಲಿ ಗುಣ ಆಯ್ತು ಅಂತ ಬರೋ ಸುದ್ದಿಗೆ ಈ ಕ್ಷೇತ್ರದವರು ಯಾರೂ ಅಷ್ಟಾಗಿ ಕುಣಿಯಲ್ಲ, ಕುಣಿಯೋದು ಪತ್ರಿಕೆಯವರು.

ನಾಯಿ ವಿಷಯ ಬೇರೆ. ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಇದೇ ಜೀನ್ ಕೆಟ್ಟು ಇದೇ ಕಾಯಿಲೆ ಬರತ್ತೆ ಅಂತ 1988ರಲ್ಲಿ ಕಾರ್ನೆಲ್‌ನ ಬ್ಯಾರಿ ಕೂಪರ್ ತಂಡ ತೋರಿಸ್ತು, ಪಶುವೈದ್ಯ ನ್ಯೂರಾಲಜಿಸ್ಟ್ ಜೋ ಕೋರ್ನಿಗೇ ಇಂಥ ನಾಯಿಗಳನ್ನ ದಶಕಗಟ್ಟಲೆ ಅಭ್ಯಾಸ ಮಾಡಿದ್ರು. ಮರಿಗೆ ಕೆಲವೇ ತಿಂಗಳಾಗೋಷ್ಟರಲ್ಲಿ ನಡಿಗೆ ಬಿಗಿಯಾಗತ್ತೆ, ಬಾಯಿ ಪೂರ್ತಿ ತೆರೆಯೋಕಾಗಲ್ಲ, ನುಂಗೋದು ಕಷ್ಟ, ಹೃದಯಕ್ಕೂ ಬರತ್ತೆ. ಅಂದ್ರೆ ಮಗುವಿನಲ್ಲಿ ಏನೇನು ಆಗತ್ತೋ ಹೆಚ್ಚುಕಡಿಮೆ ಅದೇ. ಇದನ್ನ ಯಾರೂ ಲ್ಯಾಬ್‌ನಲ್ಲಿ ಹುಟ್ಟುಹಾಕಿದ್ದಲ್ಲ, ಸಾಕಿದವರು ಕ್ಲಿನಿಕ್‌ಗೆ ಕರ್ಕೊಂಡು ಬಂದ ನಾಯಿಯಲ್ಲಿ ಪಶುವೈದ್ಯರು ಗುರುತಿಸಿದ್ದು. ಪಶುವೈದ್ಯರಾಗಿದ್ದು ಸ್ನಾಯು ಸಂಶೋಧಕರೂ ಆದವರ ದೊಡ್ಡ ಕೊಡುಗೆ ಇರೋದು ಇಲ್ಲೇ. ಎಂ.ಡಿ. ಮಾಡಿದ ಡಾಕ್ಟ್ರ ಕಣ್ಣಿಗೆ ಕುಂಟೋ ನಾಯಿ ಕಾಣತ್ತೆ, ಇವರ ಕಣ್ಣಿಗೆ ಡುಷೇನ್ ಕಾಣತ್ತೆ.

ಲಂಡನ್‌ನ ರಾಯಲ್ ವೆಟರ್ನರಿ ಕಾಲೇಜಿನ ರಿಚರ್ಡ್ ಪಿಯರ್ಸಿ ಅವರ ತಂಡ ಮಾಡಿದ್ದು ಇಂಥದೇ ಕೆಲಸ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಅನ್ನೋ ಪುಟ್ಟ ತಳಿಯ ನಾಯಿಗಳಲ್ಲಿ ಒಂದು ಡಿಸ್ಟ್ರೋಫಿ ಕಂಡು, ಜೀನ್ ನೋಡಿದ್ರೆ ಎಕ್ಸಾನ್ 50 ಬಿಟ್ಟುಹೋಗ್ತಿತ್ತು, ಅದನ್ನ 2010ರಲ್ಲಿ ಪ್ರಕಟಿಸಿದ್ರು. ಇದು ಯಾಕೆ ಮುಖ್ಯ ಅಂದ್ರೆ ಗೋಲ್ಡನ್ ರಿಟ್ರೀವರ್‌ನಲ್ಲಿ ಕೆಟ್ಟಿರೋದು ಜೀನ್‌ನ ಶುರುವಿನ ಕಡೆ, ಎಕ್ಸಾನ್ 7ರ ಹತ್ರ, ಆದ್ರೆ ಮಕ್ಕಳಲ್ಲಿ ಜಾಸ್ತಿ ಕೆಡೋದು 45ರಿಂದ 55ರ ನಡುವೆ. ಹಾಗಾಗಿ ಮಕ್ಕಳಿಗೆ ಬಳಸೋ, ಒಂದು ಎಕ್ಸಾನ್ ಹಾರಿಸಿ ಓದಿಸೋ ಉಪಾಯವನ್ನೇ ನೇರವಾಗಿ ಪರೀಕ್ಷೆ ಮಾಡಬಹುದಾದ ನಾಯಿ ಸಿಕ್ಕಿತು. ಆ ಜೀನನ್ನ ಬೀಗಲ್ ತಳಿಗೆ ತಂದು ಬೆಳೆಸಿದ ನಾಯಿಗಳ ಮೇಲೆ, ಟೆಕ್ಸಸ್‌ನ ಎರಿಕ್ ಓಲ್ಸನ್ ತಂಡದ ಜೊತೆ ಸೇರಿ ಜೀನ್ ಕತ್ತರಿಸಿ ತಿದ್ದೋ ಕ್ರಿಸ್ಪರ್ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದ್ರು. ಎಕ್ಸಾನ್ 51ರ ಹತ್ರ ಡಿಎನ್ಎ ಕತ್ತರಿಸಿ, ಉಳಿದ ಜೀನನ್ನ ಕೋಶ ಮತ್ತೆ ಸರಿಯಾಗಿ ಓದೋ ಹಾಗೆ ಮಾಡಿದ್ದು. ಎಂಟು ವಾರಕ್ಕೆ ಒಂದು ನಾಯಿಯ ಹೃದಯದಲ್ಲಿ ಡಿಸ್ಟ್ರೋಫಿನ್ ಮಾಮೂಲಿ ನಾಯಿಯ ಶೇ. 92ರಷ್ಟು ಬಂತು. ಪ್ರಪಂಚವಿಡೀ ಸುದ್ದಿ ಆಯ್ತು.

ಆದ್ರೆ ಆ ಪ್ರಯೋಗದಲ್ಲಿ ಇದ್ದ ನಾಯಿಗಳು ನಾಲ್ಕೇ ನಾಲ್ಕು. ಅದರಲ್ಲಿ ಎರಡಕ್ಕೆ ಕಾಲಿನ ಸ್ನಾಯುವಿಗೆ ಮಾತ್ರ ಇಂಜೆಕ್ಷನ್, ರಕ್ತಕ್ಕೆ ಕೊಟ್ಟಿದ್ದು ಇನ್ನೆರಡಕ್ಕೆ. ಬೇರೆ ಬೇರೆ ಸ್ನಾಯುಗಳಲ್ಲಿ ಫಲಿತಾಂಶ ಶೇ. 3ರಿಂದ ಹಿಡಿದು 90ರ ಆಸುಪಾಸಿನವರೆಗೂ ಇತ್ತು. ಮರಿಗಳಿಗೆ ಆಗ ಒಂದು ತಿಂಗಳು ವಯಸ್ಸು, ಅಂದ್ರೆ ಸ್ನಾಯು ಇನ್ನೂ ಹಾಳಾಗಿಲ್ಲ, ಇಮ್ಯೂನ್ ಸಿಸ್ಟಮ್ ಇನ್ನೂ ಬಲಿತಿಲ್ಲ. ಪೇಪರ್ ಬರೆದವರು ಇದನ್ನೆಲ್ಲ ಮುಚ್ಚಿಟ್ಟಿರಲಿಲ್ಲ, ಹೆಡ್‌ಲೈನ್ ಬರೆದವರು ಅಲ್ಲೀತನಕ ಓದಲಿಲ್ಲ ಅಷ್ಟೆ.

ನಾಲ್ಕೇ ನಾಯಿ ಅಂದ್ರೆ ಯಾಕೆ ಅನುಮಾನ ಪಡಬೇಕು ಅನ್ನೋದಕ್ಕೆ ಬ್ರೆಜಿಲ್‌ನ ರಿಂಗೋ ಕಥೆ ನೋಡಿ. ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ಮಯಾನಾ ಜಾಟ್ಜ್ ಅವರ ಹತ್ರ ಇದ್ದ ಗೋಲ್ಡನ್ ರಿಟ್ರೀವರ್. ಡಿಸ್ಟ್ರೋಫಿನ್ ಸೊನ್ನೆ. ಆದ್ರೂ ನಡೀತಿದ್ದ, ಓಡ್ತಿದ್ದ, ಮರಿ ಹುಟ್ಟಿಸಿದ, ಹನ್ನೊಂದು ವರ್ಷ ಬದುಕಿದ. ಅವನ ಮಗ ಸುಫ್ಲೇರ್ ಕೂಡ ಹಾಗೇ. ಯಾವ ಔಷಧೀನೂ ಕೊಟ್ಟಿರಲಿಲ್ಲ! 2015ರಲ್ಲಿ ಗೊತ್ತಾಗಿದ್ದು ಏನಂದ್ರೆ ಇವೆರಡಕ್ಕೂ ಜ್ಯಾಗ್ಡ್-1 ಅನ್ನೋ ಇನ್ನೊಂದು ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ಇತ್ತು, ಅದರಿಂದ ಸ್ನಾಯುವಿನಲ್ಲಿ ಆ ಪ್ರೋಟೀನು ಜಾಸ್ತಿ ಆಗ್ತಿತ್ತು. ಈಗ ಯೋಚನೆ ಮಾಡಿ, ಇಂಥ ಒಂದು ನಾಯಿ ಯಾವುದೋ ಔಷಧಿ ಟ್ರಯಲ್‌ನ ನಾಲ್ಕರಲ್ಲಿ ಒಂದಾಗಿದ್ದಿದ್ರೆ ಔಷಧಿಗೆ ಪೂರ್ತಿ ಕ್ರೆಡಿಟ್ ಸಿಗ್ತಿತ್ತು. ಒಂದೇ ಜೀನ್ ದೋಷ ಇರೋ ನಾಯಿಗಳಲ್ಲೇ ಕೆಲವು ಹುಟ್ಟಿದ ಕೆಲವೇ ದಿನಕ್ಕೆ ಸಾಯ್ತವೆ, ಕೆಲವು ವರ್ಷಗಟ್ಟಲೆ ಇರ್ತವೆ. ಹಾಗಾಗಿ ಔಷಧಿ ಏನೂ ಕೊಡದೆ ಸುಮ್ನೆ ನಾಯಿಗಳನ್ನ ತಿಂಗಳಿಂದ ತಿಂಗಳಿಗೆ ಅಳೀತಾ ಹೋಗೋದು, ಎಂಆರ್‌ಐ, ಕಾಲಿನ ಬಲ, ಸ್ನಾಯು ಹಾಳಾದಾಗ ರಕ್ತಕ್ಕೆ ಸೋರೋ ಕ್ರಿಯಾಟಿನ್ ಕೈನೇಸ್, ಇವೆಲ್ಲ ಬೋರಿಂಗ್ ಕೆಲಸ ಅನ್ನಿಸಿದ್ರೂ ನನ್ನ ಪ್ರಕಾರ ಕ್ರಿಸ್ಪರ್‌ಗಿಂತ ಹೆಚ್ಚು ಬೆಲೆ ಬಾಳೋದು ಇದೇ. ಇದಕ್ಕೆ ಯಾರೂ ಹೆಡ್‌ಲೈನ್ ಕೊಡಲ್ಲ.

ಈಗ ಔಷಧಿ ಕಡೆ ಬರೋಣ. ಸ್ನಾಯುವಿಗೆ ಜೀನ್ ತಲುಪಿಸೋಕೆ ಎಎವಿ ಅನ್ನೋ ಪುಟ್ಟ ವೈರಸ್ ಬಳಸ್ತಾರೆ, ಅದಾಗಿ ಕಾಯಿಲೆ ತರಲ್ಲ. ಸಮಸ್ಯೆ ಏನು ಅಂದ್ರೆ ಅದರೊಳಗೆ ಹಿಡಿಸೋದು ಐದು ಸಾವಿರ ಅಕ್ಷರಕ್ಕಿಂತ ಸ್ವಲ್ಪ ಕಮ್ಮಿ, ಡಿಸ್ಟ್ರೋಫಿನ್‌ಗೆ ಬೇಕಾಗಿರೋದು ಹನ್ನೊಂದು ಸಾವಿರ. ಇದಕ್ಕೆ ದಾರಿ ತೋರಿಸಿದ್ದು ಪ್ರಾಣಿ ಅಲ್ಲ, ಮನುಷ್ಯನೇ. 1990ರಲ್ಲಿ ಬ್ರಿಟನ್‌ನ ಸಂಶೋಧಕರು, ಜೀನ್‌ನ ಕೋಡ್ ಮಾಡೋ ಭಾಗದಲ್ಲಿ ಶೇ. 46ರಷ್ಟು ಹೋಗಿದ್ರೂ 61ನೇ ವಯಸ್ಸಿನಲ್ಲಿ ಇನ್ನೂ ನಡೀತಿದ್ದ ಒಬ್ಬರನ್ನ ವರದಿ ಮಾಡಿದ್ರು. ಅಂದ್ರೆ ಮಧ್ಯದ ಭಾಗ ಇಲ್ಲದಿದ್ರೂ ನಡೆಯತ್ತೆ, ಎರಡು ತುದಿ ಇದ್ರೆ ಸಾಕು. ಅಲ್ಲಿಂದ ಜೆಫ್ರಿ ಚೇಂಬರ್ಲೇನ್, ಶಾವ್ ಶಾವ್, ಡಾಂಗ್‌ಶೆಂಗ್ ದುವಾನ್ ಮುಂತಾದವರು ಇನ್ನೂ ಕತ್ತರಿಸಿ ಕತ್ತರಿಸಿ ಮೈಕ್ರೋ ಡಿಸ್ಟ್ರೋಫಿನ್‌ಗಳನ್ನ ಮಾಡಿದ್ರು. 2017ರಲ್ಲಿ ಫ್ರಾನ್ಸ್‌ನ ಜೆನೆಥಾನ್ ಸಂಸ್ಥೆ ಮತ್ತೆ ನಾಂತ್ ನಗರದ ಸಂಶೋಧಕರು, ಲಂಡನ್‌ನ ಜಾರ್ಜ್ ಡಿಕ್ಸನ್ ಜೊತೆ, 12 ಗೋಲ್ಡನ್ ರಿಟ್ರೀವರ್‌ಗಳಿಗೆ ಇದನ್ನ ಕೊಟ್ಟು ಇಮ್ಯೂನಿಟಿ ತಗ್ಗಿಸೋ ಔಷಧಿ ಇಲ್ಲದೆನೇ ಎರಡು ವರ್ಷದವರೆಗೆ ಕಾಯಿಲೆ ಸ್ಥಿರವಾಗಿತ್ತು ಅಂತ ತೋರಿಸಿದ್ರು. ಇದು ಗಟ್ಟಿ ಕೆಲಸ.

ಹಾಗಾದ್ರೆ ಮಕ್ಕಳಲ್ಲಿ ಏನಾಯ್ತು? ಇಂಥದೇ ಮೈಕ್ರೋ ಡಿಸ್ಟ್ರೋಫಿನ್ ಔಷಧಿಯಾದ ಎಲೆವಿಡಿಸ್‌ಗೆ 2023ರ ಜೂನ್‌ನಲ್ಲಿ 4-5 ವರ್ಷದ ಮಕ್ಕಳಿಗೆ ಅಂತ ಶೀಘ್ರ ಮಂಜೂರಾತಿ (ಆಕ್ಸಿಲರೇಟೆಡ್ ಅಪ್ರೂವಲ್) ಸಿಕ್ತು, ಬೆಲೆ 32 ಲಕ್ಷ ಡಾಲರ್. ಮಂಜೂರಾತಿಗೆ ಆಧಾರ ಸ್ನಾಯುವಿನಲ್ಲಿ ಮೈಕ್ರೋ ಡಿಸ್ಟ್ರೋಫಿನ್ ಕಾಣ್ತಿದೆ ಅನ್ನೋದು, ಮಗು ಚೆನ್ನಾಗಿ ನಡೀತಿದೆ ಅನ್ನೋದಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ 125 ಮಕ್ಕಳ ದೊಡ್ಡ ಟ್ರಯಲ್ ಫಲಿತಾಂಶ ಬಂತು, 34 ಅಂಕದ ಚಲನೆಯ ಪರೀಕ್ಷೆಯಲ್ಲಿ ಔಷಧಿ ತಗೊಂಡವರಿಗೂ ತಗೊಳ್ಳದವರಿಗೂ ವ್ಯತ್ಯಾಸ 0.65 ಅಂಕ, ಅಂದ್ರೆ ಮುಖ್ಯ ಗುರಿ ಮುಟ್ಟಲಿಲ್ಲ. ಆದ್ರೂ 2024ರ ಜೂನ್‌ನಲ್ಲಿ ಎಫ್‌ಡಿಎಯ ಆಗಿನ ಹಿರಿಯ ಅಧಿಕಾರಿ ಪೀಟರ್ ಮಾರ್ಕ್ಸ್, ತಮ್ಮದೇ ಪರಿಶೀಲಕರ ಮಾತು ಮೀರಿ, ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ, ವೀಲ್‌ಚೇರ್‌ನಲ್ಲಿರೋರಿಗೂ ವಿಸ್ತರಿಸಿದ್ರು. ಫೈಜರ್‌ನವರ ಇಂಥದೇ ಔಷಧಿ 2021ರಲ್ಲೂ 2024ರಲ್ಲೂ ಒಂದೊಂದು ಸಾವು ಕಂಡು, ಮೂರನೇ ಹಂತದಲ್ಲಿ ಫೇಲ್ ಆಗಿ ನಿಂತೇಹೋಯ್ತು.

ಇಲ್ಲಿ ಡೋಸ್ ಲೆಕ್ಕ ಗಮನಿಸಬೇಕು, ಯಾಕಂದ್ರೆ ಸುದ್ದಿಯಲ್ಲಿ ಇದನ್ನ ಯಾರೂ ಬಿಡಿಸಿ ಹೇಳಲ್ಲ. ಎಲೆವಿಡಿಸ್ ಡೋಸ್ ಒಂದು ಕೆಜಿ ತೂಕಕ್ಕೆ ಸುಮಾರು 133 ಲಕ್ಷ ಕೋಟಿ ವೈರಸ್ ಕಣ. ನಾಲ್ಕು ವರ್ಷದ ಮಗು ಹದಿನೈದು ಕೆಜಿ ಇದ್ರೆ ಒಂದು ಲೆಕ್ಕ, ಹದಿನಾರು ವರ್ಷದ ಹುಡುಗ ಅರವತ್ತು ಕೆಜಿ ಇದ್ರೆ ನಾಲ್ಕು ಪಟ್ಟು. ಸ್ನಾಯುವಿಗೆ ಅಂತ ಕೊಟ್ರೂ ರಕ್ತಕ್ಕೆ ಹೋಗಿದ್ದರಲ್ಲಿ ದೊಡ್ಡ ಪಾಲನ್ನ ಲಿವರ್ ಎಳ್ಕೊಳ್ಳತ್ತೆ. ಮೇಲಾಗಿ ವೀಲ್‌ಚೇರ್‌ನಲ್ಲಿರೋ ಹುಡುಗನಲ್ಲಿ ಸ್ನಾಯು ಎಷ್ಟೋ ಕರಗಿಹೋಗಿ ಕೊಬ್ಬಾಗಿರತ್ತೆ, ತೂಕದ ಲೆಕ್ಕದಲ್ಲಿ ವೈರಸ್ ಮಾತ್ರ ಪೂರ್ತಿ ಹೋಗತ್ತೆ, ಸೇರಬೇಕಾದ ಜಾಗವೇ ಕಮ್ಮಿ. ಎಂಟು ಹತ್ತು ಕೆಜಿಯ ಮರಿ ನಾಯಿ ಈ ಪರಿಸ್ಥಿತಿಯನ್ನ ತೋರಿಸೋಕೆ ಹೇಗೆ ಸಾಧ್ಯ? ಕೆಜಿ ಲೆಕ್ಕದಲ್ಲಿ ಡೋಸ್ ಒಂದೇ ಇರಬಹುದು, ದೇಹ ಒಂದೇ ಅಲ್ಲ.

ಇದಕ್ಕಿಂತ ಖಾರವಾದ ಪಾಠ ಇನ್ನೊಂದು ಕಾಯಿಲೆಯಿಂದ ಬಂದಿದ್ದು. ಎಕ್ಸ್ ಲಿಂಕ್ಡ್ ಮಯೋಟ್ಯುಬ್ಯುಲರ್ ಮಯೋಪತಿ ಅಂತ, ಎಂಟಿಎಂ1 ಜೀನ್ ಕೆಟ್ಟು ಹುಟ್ಟುವಾಗಲೇ ಮಗು ಸೊರಗಿರತ್ತೆ, ಹೆಚ್ಚಿನವರಿಗೆ ವೆಂಟಿಲೇಟರ್ ಬೇಕು. ಕೆನಡಾದ ಲ್ಯಾಬ್ರಡಾರ್ ನಾಯಿಗಳಲ್ಲಿ ಇದೇ ಜೀನ್ ದೋಷ ಸಿಕ್ಕಿತು, 2010ರಲ್ಲಿ ಪ್ರಕಟವಾಯ್ತು. ಔಷಧಿ ಇಲ್ಲದಿದ್ರೆ ಈ ಮರಿಗಳು ನಾಲ್ಕೈದು ತಿಂಗಳಿಗೆ ಸಾಯ್ತಿದ್ವು, ಎಎವಿ ಮೂಲಕ ಜೀನ್ ಕೊಟ್ಟ ಮರಿಗಳು ಒಂದು ವರ್ಷ ದಾಟಿ ಆರಾಮಾಗಿ ಓಡಾಡಿದ್ವು, 2014ರ ವರದಿ. ಆ ಮಟ್ಟದ ಫಲಿತಾಂಶ ಸ್ನಾಯು ಕ್ಷೇತ್ರದಲ್ಲಿ ಅದುವರೆಗೆ ಅಪರೂಪ. ಆಮೇಲೆ ಮಕ್ಕಳ ಟ್ರಯಲ್. 24 ಹುಡುಗರಿಗೆ ಕೊಟ್ಟರು, ಅದರಲ್ಲಿ 16 ಮಂದಿ ವೆಂಟಿಲೇಟರ್‌ನಿಂದ ಹೊರಗೆ ಬಂದ್ರು! ಸ್ನಾಯುವಿನ ಬಗ್ಗೆ ನಾಯಿ ಹೇಳಿದ್ದು ಅಕ್ಷರಶಃ ನಿಜವಾಯ್ತು. ಆದ್ರೆ ನಾಲ್ಕು ಹುಡುಗರು ಲಿವರ್ ಮತ್ತೆ ಪಿತ್ತದ ತೊಂದರೆಗೆ ಸಿಕ್ಕಿ ಸತ್ತುಹೋದ್ರು, ಮೂವರು ಹೆಚ್ಚಿನ ಡೋಸ್‌ನವರು, ಒಬ್ಬ ಕಡಿಮೆ ಡೋಸ್‌ನವನು. ಈ ಕಾಯಿಲೆ ಇರೋ ಹುಡುಗರಲ್ಲಿ ಲಿವರ್‌ನಲ್ಲಿ ಪಿತ್ತ ಸರಿಯಾಗಿ ಹರಿಯದಿರೋ ಸಮಸ್ಯೆ ಮೊದಲಿಂದಲೇ ಇರತ್ತೆ ಅನ್ನೋದಕ್ಕೆ ಎಷ್ಟು ಗಮನ ಕೊಡಬೇಕಿತ್ತೋ ಅಷ್ಟು ಕೊಟ್ಟಿದ್ದು ಸಾವುಗಳಾದ್ಮೇಲೆ. ಇಂಥ ಲಿವರ್ ತೊಂದರೆ ನಾಯಿಗಳಲ್ಲಿ ಕಂಡಿರಲೇ ಇಲ್ಲ. ನಾಯಿ ಸುಳ್ಳು ಹೇಳಲಿಲ್ಲ, ಆ ಪ್ರಶ್ನೆಗೆ ಅದರ ಹತ್ರ ಉತ್ತರ ಇರಲಿಲ್ಲ.

ಇಮ್ಯೂನ್ ಸಿಸ್ಟಮ್ ವಿಷಯದಲ್ಲಿ ಮಾತ್ರ ನಾಯಿ ಎಚ್ಚರಿಕೆ ಕೊಟ್ಟಿತ್ತು ಅಂತ ಹೇಳಬೇಕು. ಇಲಿಯಲ್ಲಿ ಸದ್ದಿಲ್ಲದೆ ಒಳಗೆ ಹೋಗ್ತಿದ್ದ ಎಎವಿ, ನಾಯಿಯ ಸ್ನಾಯುವಿಗೆ ಹಾಕಿದಾಗ ಅದರ ಮೇಲೆ ಇಮ್ಯೂನ್ ಸಿಸ್ಟಮ್‌ನ ಟಿ ಕೋಶಗಳು ದಾಳಿ ಮಾಡಿದ್ದನ್ನ 2007ರ ಆಸುಪಾಸಿಗೇ ನೋಡಿದ್ರು. ಮುಂದೆ ಬೇರೆ ಬೇರೆ ಕಂಪನಿಗಳ ಟ್ರಯಲ್‌ಗಳಲ್ಲಿ ಐದು ಹುಡುಗರಿಗೆ ಸ್ನಾಯು ಉರಿಯೂತ ಜೋರಾಗಿ ಬಂತು, ಕೆಲವರಿಗೆ ಹೃದಯಕ್ಕೂ. ಕಂಪನಿಗಳು ಮಾಹಿತಿ ಒಟ್ಟಿಗೆ ಹಾಕಿ ನೋಡಿದಾಗ ಆ ಐದೂ ಹುಡುಗರಲ್ಲಿ ಜೀನ್‌ನ ಶುರುವಿನ ಕಡೆ ತುಂಡು ಹೋಗಿತ್ತು, ಅಂದ್ರೆ ಮೈಕ್ರೋ ಡಿಸ್ಟ್ರೋಫಿನ್‌ನಲ್ಲಿ ಇರೋ ಒಂದು ಭಾಗವನ್ನ ಅವರ ದೇಹ ಹುಟ್ಟಿದಾಗಿಂದ ನೋಡಿಯೇ ಇರಲಿಲ್ಲ, ಹೊರಗಿನ ವೈರಿ ಅಂದ್ಕೊಂಡು ಮೇಲೆ ಬಿತ್ತು. ಇದಕ್ಕೆ ಚಂದದ ಉಪಾಯ ಒಂದು ಪೆನ್ಸಿಲ್ವೇನಿಯಾದ ಹ್ಯಾನ್ಸೆಲ್ ಸ್ಟೆಡ್‌ಮನ್ ತಂಡದ್ದು. ಡಿಸ್ಟ್ರೋಫಿನ್ ಬದಲು ಯುಟ್ರೋಫಿನ್‌ನ ಚಿಕ್ಕ ರೂಪ ಕೊಡೋದು, ಅದು ಎಲ್ಲರ ದೇಹದಲ್ಲೂ ಮೊದಲಿಂದ ಇರೋದ್ರಿಂದ ಹೊಸಬ ಅನ್ನಿಸಲ್ಲ. ಇದನ್ನ ಪರೀಕ್ಷೆ ಮಾಡೋಕೆ ಬಳಸಿದ ನಾಯಿಗಳಲ್ಲಿ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್‌ನ ಒಂದು ವಂಶವೂ ಇತ್ತು, ಅವಕ್ಕೆ ಡಿಸ್ಟ್ರೋಫಿನ್ ಜೀನ್ ಪೂರ್ತಿಯಾಗಿಯೇ ಇಲ್ಲ, ಇಮ್ಯೂನ್ ಸಿಸ್ಟಮ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. 2019ರ ವರದಿ ಪ್ರಕಾರ ಪಾಸ್ ಆಯ್ತು. ನಾಯಿಯ ಹತ್ರ ಉತ್ತರ ಇರೋ ಪ್ರಶ್ನೆಯನ್ನೇ ಹುಡುಕಿ ಕೇಳೋದು ಅಂದ್ರೆ ಹೀಗೆ.

ಪ್ರಾಣಿಯಿಂದ ಮನುಷ್ಯರಿಗೆ ಸಲೀಸಾಗಿ ದಾಟಿದ ಉದಾಹರಣೆ ಇಲ್ವಾ ಅಂದ್ರೆ ಇದೆ, ಹಂದಿಯದ್ದು. 1960ರ ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಡೆನ್‌ಬರೋ ಅನ್ನೋ ಡಾಕ್ಟ್ರು, ಅರಿವಳಿಕೆ ಕೊಟ್ರೆ ಸಾಕು ಮೈ ಬಿಸಿ ಏರಿ ಸಾಯೋ ಒಂದು ಕುಟುಂಬವನ್ನ ಗುರುತಿಸಿದ್ರು, ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ. ಆಗ ಇದು ಬಂದವರಲ್ಲಿ ಹತ್ತಕ್ಕೆ ಏಳೆಂಟು ಮಂದಿ ಸಾಯ್ತಿದ್ರು. ಕೆಲವು ಹಂದಿ ತಳಿಗಳಲ್ಲೂ ಹೀಗೇ ಆಗ್ತಿತ್ತು, 1975ರಲ್ಲಿ ಕೇಪ್‌ಟೌನ್‌ನ ಹ್ಯಾರಿಸನ್ ಅದೇ ಹಂದಿಗಳಲ್ಲಿ ಡ್ಯಾಂಟ್ರೋಲೀನ್ ಅನ್ನೋ ಔಷಧಿ ಕೆಲಸ ಮಾಡತ್ತೆ ಅಂತ ತೋರಿಸಿದ್ರು, ಇವತ್ತಿಗೂ ಆಪರೇಷನ್ ಥಿಯೇಟರ್‌ಗಳಲ್ಲಿ ಇಡೋದು ಅದನ್ನೇ. 1991ರಲ್ಲಿ ಹಂದಿಯ ಆರ್‌ವೈಆರ್1 ಜೀನ್ ದೋಷ ಸಿಕ್ಕಿತು, ಮನುಷ್ಯರಲ್ಲೂ ಅದೇ ಜೀನ್. ಇದು ಯಾಕೆ ಸಲೀಸಾಯ್ತು? ದೋಷ, ದಾಳಿ, ಔಷಧಿ ಮೂರೂ ಸ್ನಾಯು ಕೋಶದ ಒಳಗಿನ ಒಂದೇ ಕ್ಯಾಲ್ಸಿಯಂ ಬಾಗಿಲಿನ ಹತ್ರ ನಡೀತವೆ, ಔಷಧಿ ಒಂದೆರಡು ದಿನ ಕೊಟ್ರೆ ಮುಗೀತು. ಜೀನ್ ಥೆರಪಿ ಹಾಗಲ್ಲ, ಸ್ನಾಯು ತಲುಪೋ ಮೊದಲು ಲಿವರ್ ದಾಟಬೇಕು, ಇಮ್ಯೂನ್ ಸಿಸ್ಟಮ್ ದಾಟಬೇಕು, ಒಂದ್ಸಲ ಕೊಟ್ಟಮೇಲೆ ವಾಪಸ್ ತಗೊಳ್ಳೋ ಮಾತೇ ಇಲ್ಲ.

ಪ್ರಾಣಿಗಳಿಗೆ ಇದರಿಂದ ಏನು ಸಿಕ್ತು ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಜೀನ್ ಥೆರಪಿ ಅಂತೂ ಸಾಕುನಾಯಿಗೆ ಬಂದಿಲ್ಲ, ಆ ಬೆಲೆಗೆ ಬರೋದೂ ಇಲ್ಲ. ಸಿಕ್ಕಿರೋದು ಕಾಯಿಲೆ ಗುರುತಿಸೋ ಜೀನ್ ಟೆಸ್ಟ್‌ಗಳು. ಕುದುರೆಗಳಲ್ಲಿ ಕೆಲಸದ ಮಧ್ಯೆ ಸ್ನಾಯು ಬಿಗಿದು ಹೆಜ್ಜೆ ಇಡೋಕಾಗದೆ ನಿಂತುಬಿಡೋ ಒಂದು ಕಾಯಿಲೆ ಇದೆ, ಪಿಎಸ್‌ಎಸ್‌ಎಂ ಅಂತಾರೆ, ಬೆಲ್ಜಿಯನ್, ಪರ್ಶೆರಾನ್ ಥರದ ಭಾರ ಎಳೆಯೋ ತಳಿಗಳಲ್ಲಿ ತುಂಬಾ ಸಾಮಾನ್ಯ. ಸ್ಟೆಫನಿ ವಾಲ್‌ಬರ್ಗ್ ಅವರೆಲ್ಲ ಇದ್ದ ಮಿನೆಸೋಟಾ ತಂಡ 2008ರಲ್ಲಿ ಜಿವೈಎಸ್1 ಜೀನ್‌ನ ದೋಷ ಅಂತ ಕಂಡುಹಿಡೀತು, ಸ್ನಾಯುವಿನಲ್ಲಿ ಗ್ಲೈಕೋಜನ್ ಅತಿಯಾಗಿ ತುಂಬತ್ತೆ. ಚಿಕಿತ್ಸೆ ಅಂದ್ರೆ ಪಿಷ್ಟ ಕಮ್ಮಿ, ಕೊಬ್ಬು ಜಾಸ್ತಿ ಇರೋ ಮೇವು, ದಿನಾ ತಪ್ಪದೆ ಓಡಾಟ. ಅಷ್ಟಕ್ಕೇ ಎಷ್ಟೋ ಕುದುರೆಗಳು ಸುಧಾರಿಸ್ತವೆ. ಇದರಲ್ಲಿ ಗ್ಲಾಮರ್ ಇಲ್ಲ, ಆದ್ರೆ ಕೆಲಸ ಮಾಡತ್ತೆ.

ಇನ್ನೊಂದು ಕಡೆ, ಕಾಯಿಲೆ ಇರೋ ನಾಯಿಗಳನ್ನ ಬೇಕಂತಲೇ ಹುಟ್ಟಿಸೋದು ಸರಿಯಾ ಅನ್ನೋ ಜಗಳ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಗೋಲ್ಡನ್ ರಿಟ್ರೀವರ್‌ಗಳ ವೀಡಿಯೊ 2016ರಲ್ಲಿ ಹೊರಬಿದ್ದು ಪೆಟಾ ವರ್ಷಗಟ್ಟಲೆ ಹೋರಾಟ ಮಾಡಿ, ಕೊನೆಗೆ ಅಲ್ಲಿ ಅಂಥ ಮರಿ ಹುಟ್ಟಿಸೋದು ನಿಂತಿತು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಎಲ್ಲಾ ಕಡೆ ನಿಂತ್ರೆ ಮೊದಲ ಪರೀಕ್ಷೆ ಮಗುವಿನ ಮೇಲೇ ಆಗತ್ತೆ ಅನ್ನೋದನ್ನೂ ಹೇಳಬೇಕು. ನನಗೆ ಒಪ್ಪಿಗೆ ಆಗೋದು ನಡುವಿನ ದಾರಿ, ನಾಯಿ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದೋ ಅಷ್ಟಕ್ಕೆ ಮಾತ್ರ ಬಳಸೋದು, ಲಿವರ್ ವಿಷಯಕ್ಕೆ, ದೊಡ್ಡ ಮೈಯ ಡೋಸ್ ವಿಷಯಕ್ಕೆ ಅದನ್ನ ಬಳಸಿ ಸುಮ್ನೆ ಸಮಾಧಾನ ಪಟ್ಕೊಳ್ಳದೆ ಇರೋದು.

ಈಗ ಪಟ್ಟಿಯಿಂದ ಹೊರಗೆ ಬಿದ್ದಿರೋ ಆ ವೀಲ್‌ಚೇರ್ ಹುಡುಗರಿಗಾಗಿ, ಎಲೆವಿಡಿಸ್ ಕೊಡೋ ಮುಂಚೆ ಸಿರೊಲಿಮಸ್ ಅನ್ನೋ ಇಮ್ಯೂನಿಟಿ ತಗ್ಗಿಸೋ ಔಷಧಿ ಕೊಟ್ಟು ಲಿವರ್ ಕಾಪಾಡಬಹುದಾ ಅಂತ ಕಂಪನಿ ನೋಡ್ತಿದೆ. ಬೇರೆ ಲ್ಯಾಬ್‌ಗಳು ಸ್ನಾಯುವಿಗೇ ಹೆಚ್ಚು ಅಂಟಿಕೊಳ್ಳೋ, ಲಿವರ್‌ಗೆ ಕಮ್ಮಿ ಹೋಗೋ ಹೊಸ ವೈರಸ್ ಕವಚಗಳನ್ನ ಮಾಡ್ತಿದಾರೆ, ಅದು ಸರಿಹೋದ್ರೆ ಡೋಸೇ ಇಳಿಸಬಹುದು. ಈ ಕವಚಗಳೂ ಇಲಿಯಲ್ಲಿ ಹಿಡಿದ ಜಾಗವನ್ನೇ ಮನುಷ್ಯನಲ್ಲೂ ಹಿಡಿತವೆ ಅಂತ ಗ್ಯಾರಂಟಿ ಇಲ್ಲ, ಹಾಗಾಗಿ ಮುಂದಿನ ಸಲ "ನಾಯಿಗಳಲ್ಲಿ ಯಶಸ್ವಿ" ಅಂತ ಸುದ್ದಿ ಬಂದಾಗ ಎಷ್ಟು ನಾಯಿ, ಎಷ್ಟು ತಿಂಗಳ ಮರಿ, ಎಷ್ಟು ದಿನ ನೋಡಿದ್ರು, ಲಿವರ್ ರಿಪೋರ್ಟ್ ಏನಿತ್ತು ಅಂತ ನೋಡಿ. ಹೆಚ್ಚಿನ ಸಲ ಈ ನಾಲ್ಕೂ ಪೇಪರ್‌ನಲ್ಲೇ ಬರೆದಿರ್ತಾರೆ.